ಉಬ್ಬೆಗೆ ಹಾಕಿದ ಹಾಯಿಯ ಹಗ್ಗ

ಮೊನ್ನೆ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು, ಬಾಗಿಲ ಮುಂದೆ ಕಾಲೊರೆಸಲು ಹಾಸಿದ್ದ ಗೋಣಿಚೀಲ ತೊಯ್ದು ತಪ್ಪಡಿಯಾಗಿತ್ತು. ಬೆಳಿಗ್ಗೆ ಎತ್ತಿ ಹಿಂಡುವಾಗ ಮೂಗಿಗೆ ಬಂತು ನೋಡಿ, ನೆನೆದ ಸಣಬಿನ ಆ ವಾಸನೆ. ಉಳಿದವರಿಗೆ ಅದು ಬರೀ ಕೊಳಕು ವಾಸನೆ. ನನಗೆ ಮಾತ್ರ ಮೊದಲು ಹಳೆಯದೊಂದು ಹಗ್ಗ ನೆನಪಾಯಿತು, ಆಮೇಲೆ ನಗು ಬಂತು. ಚೀಲವನ್ನು ಗೋಡೆಯ ಮೇಲೆ ಹರವಿ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತೇ ಹೋಗಿತ್ತು. ಅದು ಉಕ್ಕಲಿಲ್ಲ, ದೇವರು ದೊಡ್ಡವನು.

ನನ್ನ ತವರು ಚಿಕ್ಕೋಡಿಯ ಆಚೆ, ಒಣಬೇಸಾಯದ ಊರು. ಅಲ್ಲಿ ನೀರೆಂದರೆ ಬಾವಿಯೊಳಗೆ ಇರುವಂಥದ್ದು. ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳಬೇಕು. ವರ್ಷಕ್ಕೊಮ್ಮೆ ಯಡೂರಿನ ವೀರಭದ್ರ ದೇವರಿಗೆ ಹೋದಾಗ ಕೃಷ್ಣೆಯನ್ನು ದೂರದಿಂದ ನೋಡಿ ಕೈ ಮುಗಿದು, ಚೊಂಬಿನಲ್ಲಿ ನೀರು ತುಂಬಿಕೊಂಡು ಬರುತ್ತಿದ್ದೆವು. ಅಂಥವಳನ್ನು ತಂದು ರಾಯಬಾಗ ಕಡೆಯ ಹೊಳೆದಂಡೆಯ ಊರಿಗೆ, ಅದೂ ನಾವೆ ನಡೆಸುವ ಮನೆಗೆ ಕೊಟ್ಟರು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಆಗ ನಮ್ಮೂರಿಗೆ ಸೇತುವೆ ಇರಲಿಲ್ಲ. ಆಚೆ ದಂಡೆಗೆ, ಅಥಣಿ ಕಾಗವಾಡದ ಕಡೆಗೆ ಹೋಗುವವರು ನಮ್ಮ ಮಾವನವರ ನಾವೆಯನ್ನೇ ಹತ್ತಬೇಕು. ಮದುಮಗಳು, ಆಡು, ಗೊಬ್ಬರದ ಚೀಲ, ಸೈಕಲ್ಲು ಎಲ್ಲವೂ ಅದರಲ್ಲೇ.

ನಾವೆ ಹಳೆಯದು, ಮಾವನವರ ಅಪ್ಪ ಮಾಡಿಸಿದ್ದು. ನಡುವೆ ಒಂದು ಕಂಬ, ಅದಕ್ಕೆ ಅಡ್ಡವಾಗಿ ಉದ್ದನೆಯ ಗಳ, ಆ ಅಡ್ಡಗಳಕ್ಕೆ ತೇಪೆಯ ಮೇಲೆ ತೇಪೆ ಹಾಕಿದ ಹಾಯಿ. ನಮ್ಮೂರ ಹತ್ತಿರ ಹೊಳೆ ಬಡಗಣಕ್ಕೆ ಹೊರಳುತ್ತದೆ, ಹಾಗಾಗಿ ಮಳೆಗಾಲದ ಪಡುವಣ ಗಾಳಿ ನಾವೆಯ ಬೆನ್ನಿಗೇ ಸಿಗುತ್ತಿತ್ತು. ಹೋಗುವಾಗ ಗಾಳಿ ಒಯ್ಯುತ್ತಿತ್ತು, ಬರುವಾಗ ಹುಟ್ಟು ಹಾಕಿ ರಟ್ಟೆ ಬೀಳಬೇಕು. ಅಡ್ಡಗಳ ಮೇಲೇರಿಸಿ ಹಿಡಿದಿಡುವುದಕ್ಕೆ ಒಂದೇ ಒಂದು ಹಗ್ಗ, ಹೆಬ್ಬೆರಳಿಗಿಂತ ದಪ್ಪದ್ದು. ಅದೇ ಈ ಕಥೆಯ ಹಗ್ಗ.

ಅದರ ಬಣ್ಣ ಏನೆಂದು ಹೇಳಲಿ? ಬಾಣಲೆಯ ತಳದ ಬಣ್ಣ. ಮುಟ್ಟಿದರೆ ಕೈಗೆ ಅಂಟು, ಮೂಸಿದರೆ ಮೀನು, ಎಣ್ಣೆ, ಕೆಸರು ಎಲ್ಲ ಕೂಡಿದ ನಾತ. ಹೊಳೆ ಏರಿ ನಾವೆ ನಿಂತಾಗ ಹಾಯಿಯನ್ನೂ ಹಗ್ಗವನ್ನೂ ಬಿಚ್ಚಿ ಮನೆಗೆ ತರುತ್ತಿದ್ದರು. ಹಗ್ಗ ನಡುಮನೆಯ ಗೂಟಕ್ಕೆ, ದೇವರ ಮಾಡದಿಂದ ನಾಲ್ಕು ಹೆಜ್ಜೆಯ ಮೇಲೆ ನೇತಾಡುತ್ತಿತ್ತು. ದಿನಾ ಪೂಜೆಗೆ ಕುಳಿತಾಗ ಊದಿನಕಡ್ಡಿಯ ಹೊಗೆಯನ್ನೂ ಮೀರಿ ಆ ನಾತ ಬರುತ್ತಿತ್ತು. ಹೊಸ ಸೊಸೆ ನಾನು, ಏನನ್ನಲಿ? ಒಳಗೊಳಗೇ ದೇವಿಗೆ ಹೇಳಿಕೊಳ್ಳುತ್ತಿದ್ದೆ, ನನ್ನ ಕೈಗೆ ಮನೆ ಬರಲಿ ತಾಯಿ, ಮೊದಲು ಇದಕ್ಕೊಂದು ಗತಿ ಕಾಣಿಸುತ್ತೇನೆ ಎಂದು.

ನಮ್ಮ ಕಡೆ ನವರಾತ್ರಿಯ ಮುಂಚೆ ಮನೆಯಲ್ಲಿರುವ ಬಟ್ಟೆಯೆಲ್ಲ ನೀರು ಕಾಣಲೇಬೇಕು. ಕೌದಿ, ಜಮಖಾನೆ, ತೊಟ್ಟಿಲ ಬಟ್ಟೆ, ಟ್ರಂಕಿನಲ್ಲಿ ಮಡಚಿಟ್ಟ ಒಗೆದ ಸೀರೆ ಕೂಡ ಮತ್ತೊಮ್ಮೆ. ಹೊಳೆಯ ದಂಡೆಯ ತುಂಬ ಕೌದಿಗಳು ಒಣಗುತ್ತಿರುತ್ತವೆ. ಯಾರ ಮನೆಯ ಕೌದಿ ಎಷ್ಟು ಬೆಳ್ಳಗಾಗಿದೆ ಎಂದು ನೋಡುವ ಕಣ್ಣುಗಳೂ ಅಲ್ಲೇ ಇರುತ್ತವೆ. ಆ ವರ್ಷ ನಮ್ಮ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ನಿಪ್ಪಾಣಿಗೆ ಹೋಗಿದ್ದರು. ಪುರುಡು ಇದ್ದುದರಿಂದ ಹಬ್ಬಕ್ಕೆ ಬರುವ ಹಾಗಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಘಟ್ಟಾ ನೀನ ಹಾಕು. ದೀಪ ಆರಬಾರದು. ಒಂಬತ್ತ ದಿವಸ ನಾಲಿಗಿ ಮ್ಯಾಲೆ ಸುಳ್ಳ ಬರಬಾರದು. ಮನ್ಯಾಗ ಒಂದ ಚೂರೂ ಹೊಲಸ ಉಳಸಬ್ಯಾಡ," ಎಂದಿದ್ದರು.

ಕೊನೆಯ ಮಾತನ್ನು ನಾನು ಬಹಳ ಗಟ್ಟಿಯಾಗಿ ಹಿಡಿದುಕೊಂಡೆ.

ಹಬ್ಬಕ್ಕೆ ಎರಡು ದಿನ ಮೊದಲು, ಶುಕ್ರವಾರ. ಹೊಳೆ ಇಳಿದಿತ್ತು. ಮಾವನವರೂ ನಮ್ಮ ಮನೆಯವರೂ ನಾವೆಯ ಸಂದಿಗಳಿಗೆ ಅರಳೆ ತುಂಬಿ ಡಾಂಬರು ಬಳಿಯಲು ದಂಡೆಗೆ ಹೋಗಿದ್ದರು. ನಾನು ಹಿತ್ತಲಲ್ಲಿ ದೊಡ್ಡ ಹಂಡೆ ಇಟ್ಟು ಉಬ್ಬೆ ಹಾಕಿದೆ. ಉಬ್ಬೆ ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ: ಸೋಡಾ ಕಲಸಿದ ನೀರಿನಲ್ಲಿ ಬಟ್ಟೆಯನ್ನು ತಾಸುಗಟ್ಟಲೆ ಕುದಿಸುವುದು. ಎಂಥ ಕೊಳೆಯೂ ಕೈಬಿಟ್ಟು ಓಡುತ್ತದೆ. ಕೌದಿಗಳೆಲ್ಲ ಮುಗಿದ ಮೇಲೆ ಹಂಡೆಯಲ್ಲಿ ನೀರು ಇನ್ನೂ ಬಿಸಿಯಿತ್ತು, ಪುಡಿಯೂ ಪೊಟ್ಟಣದಲ್ಲಿ ಅರ್ಧ ಉಳಿದಿತ್ತು. ಒಳಗೆ ಹೋದೆ, ಗೂಟದಿಂದ ಹಗ್ಗ ಇಳಿಸಿಕೊಂಡು ಬಂದು ಹಂಡೆಯೊಳಗೆ ಸುರುಳಿ ಸುತ್ತಿ ಹಾಕಿದೆ, ಉಳಿದ ಸೋಡಾ ಎಲ್ಲ ಮೇಲೆ ಸುರಿದೆ.

ಸಂಜೆಯವರೆಗೆ ಕುದಿಯಿತು. ನೀರು ಡಾಂಬರಿನ ಹಾಗೆ ಕಪ್ಪಾಯಿತು. ಎಷ್ಟು ವರ್ಷದ ಪಾಪವೋ ಎಂದುಕೊಂಡು ಸಂತೋಷಪಟ್ಟೆ. ಕಲ್ಲಿನ ಮೇಲೆ ಹಾಕಿ ಬಡಿದೆ, ಜಾಲಾಡಿದೆ, ಮತ್ತೆ ಬಡಿದೆ. ನನ್ನ ಅಂಗೈಯೂ ಸುಟ್ಟಂತಾಗಿ ಕೆಂಪಗಾಯಿತು. ಹಗ್ಗ ಮಾತ್ರ ಬೆಳ್ಳಿಯ ಹಾಗೆ ಬಂತು. ಹಿತ್ತಲ ಗೋಡೆಯ ಮೇಲೆ ಹರವಿ ದೂರ ನಿಂತು ನೋಡಿದೆ. ಅತ್ತೆ ಇದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು ಅನ್ನಿಸಿತು. ಹೊಸ ಸೊಸೆಗೆ ಬುದ್ಧಿ ಕಡಿಮೆ ಇದ್ದರೂ ಅಭಿಮಾನಕ್ಕೆ ಕಡಿಮೆ ಇರುವುದಿಲ್ಲ.

ಮಾವನವರು ಬಂದರು. ಅವರು ಮಾತು ಕಡಿಮೆ ಇದ್ದ ಮನುಷ್ಯ. ನಾನಂತೂ ಅವರ ಮುಂದೆ ಸೆರಗು ಎಳೆದುಕೊಂಡು ಹೂಂ, ಇಲ್ಲ ಬಿಟ್ಟರೆ ಮೂರನೆಯ ಮಾತು ಆಡಿದವಳಲ್ಲ. ಹಗ್ಗ ನೋಡಿ ನಿಂತರು. ಕೈಯಲ್ಲಿ ಹಿಡಿದು ಮೂಸಿದರು.

"ಏನ ಹಾಕಿ ಒಗದಿ, ಯವ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅವರು ಹಗ್ಗವನ್ನು ಹಿಡಿದಿದ್ದ ರೀತಿ, ಜ್ವರ ಬಂದ ಕೂಸಿನ ಕೈ ಹಿಡಿದ ಹಾಗಿತ್ತು. ನಾನು ಏನೋ ತಪ್ಪು ಮಾಡಿದ್ದೇನೆ ಎಂದು ಆ ಕ್ಷಣಕ್ಕೆ ತಿಳಿಯಿತು. ಏನು ತಪ್ಪೆಂದು ತಿಳಿಯಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು:

"ಅಂಟವಾಳಕಾಯಿ ಹಾಕಿ ಒಗದೀನ್ರಿ."

"ಅಂಟವಾಳಾದ್ರ ಚಿಂತಿಲ್ಲ," ಅಂದರು ಮಾವನವರು. "ಔಡಲೆಣ್ಣಿ ಕುಡಿಸಿದ್ರ ಮತ್ತ ಸುದ್ದ ಆಕ್ಕೈತಿ. ನಮ್ಮ ಹಗ್ಗಕ್ಕ ಯಾರೂ ಜಳಕಾ ಮಾಡಿಸಿದ್ದಿಲ್ಲ ಇಷ್ಟ ದಿವಸ."

ಮನೆಯವರು ಹಿಂದೆ ನಿಂತು ನಕ್ಕರು. "ಅರಿಷಿಣಾ ಹಚ್ಚಿ ಹೊಸ ಧೋತರಾ ಉಡಿಸೂದು ಒಂದ ಉಳದೈತಿ ನೋಡಪಾ."

ನಾನೂ ನಕ್ಕೆ. ಖಾಲಿ ಪೊಟ್ಟಣವನ್ನು ಒಲೆಗೆ ಹಾಕಿದೆ.

ಶನಿವಾರ ಅವರು ಹಗ್ಗಕ್ಕೆ ಎಣ್ಣೆ ಕುಡಿಸಿ ಒಯ್ದು ನಾವೆಗೆ ಕಟ್ಟಿದರು. ರವಿವಾರ ಬೆಳಿಗ್ಗೆ ನಾನು ಘಟ್ಟ ಹಾಕಿದೆ. ಮಣ್ಣು ಹರವಿ ಐದು ಬಗೆಯ ಕಾಳು ಬಿತ್ತಿ, ಮೇಲೆ ಕಳಶ ಇಟ್ಟು, ಪಕ್ಕದಲ್ಲಿ ಒಂಬತ್ತು ದಿನದ ದೀಪ ಹಚ್ಚಿದೆ. ಮನೆಯಲ್ಲಿ ಬೇರೆ ಹೆಂಗಸರಿಲ್ಲದ್ದರಿಂದ ದೀಪ ಬಿಟ್ಟು ನಾನು ಮನೆಯಿಂದ ಹೊರಬೀಳುವ ಹಾಗಿರಲಿಲ್ಲ. ಮಧ್ಯಾಹ್ನ ಸತ್ತೆವ್ವ ಬಂದಳು. ಆಕೆ ಊರಿಗೆಲ್ಲ ಹಗ್ಗ, ದಾಬು, ಮೂಗುದಾಣ ಹೊಸೆದು ಕೊಡುವ ಮುದುಕಿ. ಹಬ್ಬಕ್ಕೆ ಎಮ್ಮೆಗೆ ಹೊಸ ಕಣ್ಣಿ ತಂದಿದ್ದಳು. ನಾನು ಜೋಳ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಬಿದ್ದಿದ್ದ ಸಣಬಿನ ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದ್ಯಾವ ಹಗ್ಗದ ಎಳಿ ಬೇ?"

"ಹಾಯಿ ಹಗ್ಗದ್ದ, ಆಯಿ. ಒಗಿಯುವಾಗ ಬಿಚ್ಚಿತ್ತು."

ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಹಳೆಯ ದಾರದ ಹಾಗೆ ಅದು ಸದ್ದಿಲ್ಲದೆ ತುಂಡಾಯಿತು.

"ಸೋಡಾ ಹಾಕೀದಿ?"

ನಾನು ಜೋಳವನ್ನು ಆಕೆಯ ಸೆರಗಿಗೆ ಸುರಿಯತೊಡಗಿದೆ.

"ಹಾಕಿದ್ರ ಹಾಕೀನಿ ಅನ್ನು. ನಿಮ್ಮತ್ತಿ ನನಗೇನ ಪಗಾರ ಕೊಟ್ಟ ಇಟ್ಟಾಳೇನು, ನಿನ್ನ ಚಾಡಿ ಹೇಳಾಕ?" ಆಮೇಲೆ ಹತ್ತಿರ ಕುಳಿತು ಹೇಳಿದಳು, "ಅದು ಹೊಲಸಲ್ಲ ತಂಗಿ. ಜಾಲಿ ತೊಗಟಿ ಕುದಿಸಿ ಆ ನೀರಾಗ ಅದ್ದಿರತಾರ, ಮ್ಯಾಲೆ ಎಣ್ಣಿ ಕುಡಿಸಿರತಾರ. ಅದರ ಜೀವಾನ ಅದರಾಗ. ಮೊದಲ ಮುದುಕ ಹಗ್ಗ. ಸೋಡಾ ಅದರ ಒಳಗಿಂದ ತಿಂದ ಬಿಟ್ಟೈತಿ. ಈಗ ಎಣ್ಣಿ ಹಚ್ಚಿದ್ರ ಹೆಣಕ್ಕ ಎಣ್ಣಿ ಹಚ್ಚಿಧಂಗ. ನಿಮ್ಮ ಮಾವಗ ಹೇಳೀಯಿಲ್ಲೊ?"

"ಹೇಳತೀನಿ ಆಯಿ."

"ಲಗೂನ ಹೇಳು," ಎಂದು ಜೋಳ ಕಟ್ಟಿಕೊಂಡು ಎದ್ದು ಹೋದಳು.

ಹಗ್ಗ ಹರಿದರೆ ಏನಾಗುತ್ತದೆಂದು ಹೊಳೆ ಕಾಣದ ನನಗೂ ಗೊತ್ತಾಗುವಷ್ಟು ದಿನ ಆ ಮನೆಯಲ್ಲಿ ಕಳೆದಿದ್ದೆ. ಅಡ್ಡಗಳ ಕುಳಿತವರ ತಲೆಯ ಮೇಲೆ ಬೀಳುತ್ತದೆ. ನಾವೆ ಅಡ್ಡ ತಿರುಗುತ್ತದೆ. ಕೆಳಗೆ ಅರ್ಧ ಮೈಲಿಯಲ್ಲಿ ಬಾಂದಾರದ, ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ, ಕಲ್ಲುಕಂಬಗಳು ಮಳೆಗಾಲದಲ್ಲಿ ನೀರೊಳಗೆ ಮುಳುಗಿ ನಿಂತಿರುತ್ತವೆ. ಹುಟ್ಟು ಹಿಡಿದಿರುವವರು ನನ್ನ ಗಂಡ.

ಹೇಳಬೇಕಿತ್ತಲ್ಲ? ಈಗ ನಿಮಗೆ ಬರೆಯುವಾಗ ಎಷ್ಟು ಸುಲಭ ಕಾಣುತ್ತದೆ. ಹಗ್ಗ ಹಾಳು ಮಾಡಿದೆ ಎನ್ನುವುದಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಸುಳ್ಳು ಹೇಳಿದೆ ಎಂದು ಹೇಳಬೇಕಿತ್ತು, ಅದೇ ಆಗಲಿಲ್ಲ. ರವಿವಾರ ಮಾವನವರು ಊಟಕ್ಕೆ ಕುಳಿತಾಗ ಹೇಳೋಣವೆಂದೆ. ಅವರು, "ರೊಟ್ಟಿ ಛಲೋ ಆಗ್ಯಾವು ಯವ್ವಾ," ಎಂದುಬಿಟ್ಟರು. ಹೊಗಳಿದವರಿಗೆ ಹೇಗೆ ಹೇಳುವುದು? ಸೋಮವಾರ ಮನೆಯವರಿಗೆ ಹೇಳೋಣವೆಂದೆ. ಅವರು ದಣಿದು ಬಂದು, ರಟ್ಟೆಗೆ ಎಣ್ಣೆ ತಿಕ್ಕಿಸಿಕೊಂಡು, ಉಂಡವರೇ ಮಲಗಿದರು. ಸೋಮವಾರವೆಲ್ಲ ದೀಪದ ಮುಂದೆ ಕುಳಿತು ದೇವಿಗೆ ಹೇಳಿದೆ, ಹಗ್ಗ ನೀನೇ ಹಿಡಿ ತಾಯಿ ಎಂದು. ನನ್ನ ಕೆಲಸವನ್ನು ದೇವರ ಮೇಲೆ ಹಾಕುವ ಚಾಳಿ ನನಗೆ ಆಗಲೂ ಇತ್ತು, ಈಗಲೂ ಇದೆ. ಹೊಳೆಯ ಕಡೆಯಿಂದ ಯಾರಾದರೂ ಜೋರಾಗಿ ಕೂಗಿದರೆ ಸಾಕು, ಕೈಯೊಳಗಿನ ಬತ್ತಿ ಬಿದ್ದುಹೋಗುತ್ತಿತ್ತು.

ಮಂಗಳವಾರ ಆಚೆ ದಂಡೆಯ ದೇವಿಗೆ ನಮ್ಮೂರ ಹೆಂಗಸರೆಲ್ಲ ಉಡಿ ತುಂಬಲು ಹೋಗುವ ದಿನ. ಬೆಳಿಗ್ಗೆ ಪಕ್ಕದ ಮನೆಯ ಶಾಂತಕ್ಕ ಬಾಗಿಲಲ್ಲಿ ನಿಂತು ಕರೆದಳು. ಏಳು ತಿಂಗಳ ಬಸುರಿ, ಹಸಿರು ಸೀರೆ, ಕೈತುಂಬ ಬಳೆ.

"ನಿನಗ ದೀಪಾ ಬಿಟ್ಟ ಬರಾಕ ಆಗೂದಿಲ್ಲಲ್ಲಾ, ನಿನ್ನ ಉಡಿ ಕೊಡು, ನಾನ ತುಂಬಿ ಬರತೀನಿ. ಲಗೂ ಕೊಡ ಮಾರಾಯ್ತಿ. ಇವತ್ತ ಗಾಳಿ ಛಲೋ ಬಿಟ್ಟೈತಿ, ಗಳಿಗ್ಯಾಗ ದಾಟಸ್ತೀನಿ ಅಂತ ನಿನ್ನ ಗಂಡ ಹಾಯಿ ಬಿಚ್ಚಾಕತ್ತಾನು."

ನಾನು ಖಣ, ಕಾಯಿ, ಅಕ್ಕಿ, ಅರಿಷಿಣ ಎಲ್ಲ ತಂದು ಅವಳ ಸೆರಗಿಗೆ ಹಾಕಿದೆ. ಹೋಗಬೇಡ ಎನ್ನದೆ ಹಾಕಿದೆ. ಅವಳು ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ. ಬೇವಿನಮರ ಅಲ್ಲಾಡುತ್ತಿತ್ತು. ದೀಪದ ಕಡೆ ನೋಡಿದೆ. ಎಣ್ಣೆ ತಳಕ್ಕೆ ಬಂದಿತ್ತು. ಎಣ್ಣೆಯ ಡಬ್ಬಿ ಅಡುಗೆಮನೆಯಲ್ಲಿತ್ತು. ಅದಕ್ಕೂ ಹೋಗಲಿಲ್ಲ. ಚಪ್ಪಲಿ ಇಲ್ಲದೆ, ಸೆರಗು ಎಲ್ಲಿದೆ ಎಂಬ ಎಚ್ಚರವಿಲ್ಲದೆ ಹೊಳೆಯ ಕಡೆ ಓಡಿದೆ.

ಓಡುವ ಸೊಸೆಯನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ದಂಡೆಗೆ ಮುಟ್ಟಿದಾಗ ನಾವೆ ತುಂಬಿತ್ತು. ಹೆಂಗಸರು ಉಡಿ ಹಿಡಿದು ಕುಳಿತಿದ್ದರು. ಶಾಂತಕ್ಕ ಕಂಬದ ಬುಡದಲ್ಲೇ ಇದ್ದಳು. ಮನೆಯವರು ಹಗ್ಗಕ್ಕೆ ಕೈ ಹಾಕಿದ್ದರು. ಮಾವನವರು ದಂಡೆಯ ಮೇಲೆ ನಿಂತು ನಾವೆಯನ್ನು ಗೂಟದಿಂದ ಬಿಚ್ಚಲು ಬಗ್ಗಿದ್ದರು.

"ಮಾವಾರ," ಅಂದೆ. ಏದುಸಿರಿನಲ್ಲಿ ಅದು ಕೂಗಿದ ಹಾಗೆಯೇ ಆಯಿತು. "ಅಂಟವಾಳಲ್ರಿ ಅದು. ಸೋಡಾ. ಉಬ್ಬಿಗೆ ಹಾಕಿದ್ದೆರಿ. ನಾ ಸುಳ್ಳ ಹೇಳಿದ್ನಿರಿ."

ಮಾವನವರು ನೆಟ್ಟಗಾದರು. ನನ್ನನ್ನು ನೋಡಲಿಲ್ಲ; ನಾವೆಯ ಕಡೆ ನೋಡಿ, "ಎಲ್ಲಾರೂ ಇಳೀರಿ," ಅಂದರು.

"ಯಾಕ ಮಾಮಾ?" ನಾವೆಯೊಳಗಿಂದ ಒಬ್ಬಳು ಕೇಳಿದಳು.

"ಇಳೀರಿ ಮೊದಲ."

ಹೆಂಗಸರು ಗೊಣಗುತ್ತ ಇಳಿದರು. ಮನೆಯವರು ಹಗ್ಗ ಬಿಚ್ಚಿ ತಂದರು. ಮಾವನವರು ಒಂದು ತುದಿಯನ್ನು ದಂಡೆಯ ಜಾಲಿಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ನಾಲ್ಕು ಜನ ಗಂಡಸರ ಕೈಗೆ ಕೊಟ್ಟರು. ಮೊದಲ ಜಗ್ಗಿಗೆ ಏನೂ ಆಗಲಿಲ್ಲ. ಯಾರೋ "ಗಟ್ಟಿ ಐತಲ್ಲೊ" ಅಂದರು. ಎರಡನೆಯ ಜಗ್ಗಿಗೆ ಹಗ್ಗ ನಡುವಿಗೆ ಹರಿದು, ನಾಲ್ಕೂ ಜನ ಒಬ್ಬರ ಮೇಲೊಬ್ಬರು ಕೆಸರಿನಲ್ಲಿ ಕುಳಿತರು. ಹರಿದ ತುದಿಯಿಂದ ಹಿಟ್ಟಿನಂಥ ಧೂಳು ಹಾರಿತು.

ಯಾರೂ ನಗಲಿಲ್ಲ. ಶಾಂತಕ್ಕ ಕಂಬದ ತುದಿಯನ್ನು ತಲೆಯೆತ್ತಿ ನೋಡಿದಳು, ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಅಲ್ಲೇ ಕುಳಿತೆ.

ಮಾವನವರು ಹತ್ತಿರ ಬಂದರು. ಮೊದಲ ಸಲ ಸೆರಗಿಲ್ಲದ ನನ್ನ ಮುಖವನ್ನು ನೋಡಿದ್ದಿರಬೇಕು.

"ಹಗ್ಗ ಹೋದ್ರ ಮತ್ತೊಂದ ಹೊಸಿಯೂಣು. ಸುಳ್ಳ ಯಾಕ ಹೇಳಿದಿ?"

"ಅಂಜಿದೆ ರಿ."

"ಯಾರಿಗೆ?"

"ನಿಮಗ ರಿ."

"ನನಗ ಅಂಜಬ್ಯಾಡ. ಅಂಜೂದಾದ್ರ ಹೊಳಿಗೆ ಅಂಜು," ಅಂದರು. ನಂತರ ಎಲ್ಲರಿಗೂ ಕೇಳುವಂತೆ ಹೇಳಿದರು, "ಈ ಹಗ್ಗ ನಮ್ಮಪ್ಪ ಇದ್ದಾಗಿಂದ ಐತಿ. ಪ್ರತಿ ವರ್ಷ ಬದಲಿ ಮಾಡೂಣು ಅಂತಿದ್ದೆ, ಅಪ್ಪನ ಕೈ ಮುಟ್ಟಿದ್ದು ಅಂತ ಬಿಡತಿದ್ದೆ. ಸೋಡಾ ಹಾಕಿದ್ದು ಸೊಸಿ ತಪ್ಪು. ಇಷ್ಟ ದಿವಸ ಇಟಗೊಂಡದ್ದು ನಂದೂ ತಪ್ಪು."

ಆಗ ಹಿಂದಿನಿಂದ ಒಬ್ಬ ಮುದುಕಿ, "ಅಲ್ಲೊ ಮಾರಾಯಾ, ಹಿಂಗ ಒಗದ್ರ ನಿನ್ನ ಧೋತರದ ಗತಿ ಏನು? ಸಂತ್ಯಾಗ ಜ್ವಾಕಿ," ಅಂದಳು. ಅಲ್ಲಿಗೆ ದಂಡೆಯೆಲ್ಲ ನಗಲು ಶುರುವಾಯಿತು. ಕೆಸರಿನಲ್ಲಿ ಕುಳಿತವರೂ ನಕ್ಕರು. ಆ ದಿನ ಹಾಯಿ ಇಲ್ಲದೆ, ಎರಡು ಸರದಿ ಮಾಡಿ, ಹುಟ್ಟು ಹಾಕಿಯೇ ಎಲ್ಲರನ್ನೂ ದಾಟಿಸಿದರು. ನನ್ನ ಉಡಿಯೂ ಹೋಯಿತು.

ಮನೆಗೆ ಬಂದಾಗ ದೀಪ ಆರಿತ್ತು. ಆರದೇ ಇತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಆರಿತ್ತು. ಕೈಕಾಲು ತೊಳೆದು, ಎಣ್ಣೆ ತುಂಬಿ, ಮತ್ತೆ ಹಚ್ಚಿದೆ. ಕಳಶದ ಸುತ್ತ ಕಾಳುಗಳು ಅಷ್ಟರಲ್ಲೇ ಬಿರಿದು ಬೆಳ್ಳಗೆ ಮೊಳಕೆ ತೋರಿಸುತ್ತಿದ್ದವು. ಅತ್ತೆ ನಿಪ್ಪಾಣಿಯಿಂದ ಬಂದ ದಿನ ಬಾಗಿಲಲ್ಲೇ ಎರಡನ್ನೂ ಹೇಳಿಬಿಟ್ಟೆ, ಹಗ್ಗವನ್ನೂ ದೀಪವನ್ನೂ. ಅವರು ಚೀಲ ಕೆಳಗಿಟ್ಟು, "ಇನ್ನೇನರ ಉಳದೈತೇನು, ನೀರ ಕುಡದ ಕೇಳಲೊ?" ಎಂದು ಕೇಳಿದರು.

ಹೊಸ ಹಗ್ಗ ಸತ್ತೆವ್ವ ಹೊಸೆದಳು. ಮಾವನವರು ನನಗೆ ಶಿಕ್ಷೆ ಎಂದು ಹೇಳಲಿಲ್ಲ. "ಆಯಿಗೆ ಕೈ ಹಚ್ಚು," ಎಂದರು ಅಷ್ಟೇ. ಮನೆಯವರು ದೀಪದ ಹತ್ತಿರ ಕುಳಿತರು, ನಾನು ಓಣಿಯಲ್ಲಿ ನಿಂತೆ. ಒಂದು ತುದಿಯಲ್ಲಿ ನಾನು ತಿರುಗಣೆ ತಿರುಗಿಸಬೇಕು, ಆಕೆ ಸಣಬು ಕೊಡುತ್ತ ಕೊಡುತ್ತ ಹಿಂದಕ್ಕೆ ನಡೆಯುತ್ತ ಹೋಗಬೇಕು. ಮೂರು ಎಳೆ, ಮೂರನ್ನೂ ಕೂಡಿಸಿ ಉಲ್ಟಾ ತಿರುವಿದರೆ ಒಂದು ಹಗ್ಗ. "ನಿದ್ದಿ ಮಾಡಬ್ಯಾಡ ಬೇ, ತಿರುವು," ಎಂದು ಆ ತುದಿಯಿಂದ ಬೈಯುತ್ತಿದ್ದಳು. ಕೊನೆಯ ಎಳೆಯ ಹೊತ್ತಿಗೆ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವಂತೆ ಅಂದಳು, "ರವಿವಾರ ಹೇಳಿದ್ನಲ್ಲಾ ನಿನಗ." ನಾನು ತಿರುಗಣೆ ತಿರುವುತ್ತಲೇ ಇದ್ದೆ. ಮತ್ತೆ ಆ ಮಾತನ್ನು ಆಕೆ ಎತ್ತಲಿಲ್ಲ, ಸಾಯುವವರೆಗೂ ಎಲ್ಲಿಯೂ ಆಡಲಿಲ್ಲ. ಅದೇ ಹಂಡೆಯಲ್ಲಿ ಜಾಲಿ ತೊಗಟೆ ಕುದಿಸಿ ನಾನೇ ಹಗ್ಗ ಅದ್ದಿದೆ. ದಸರೆಯ ದಿನ ಬನ್ನಿ ಕೊಡಲು ಹೋದರೆ ನನ್ನ ಅಂಗೈ ಕರ್ರಗೆ. "ಇದನ್ನೂ ಉಬ್ಬಿಗೆ ಹಾಕೂಣೇನು?" ಎಂದು ಮನೆಮನೆಯಲ್ಲೂ ಕೇಳಿದರು.

ಶಾಂತಕ್ಕನಿಗೆ ಹೆಣ್ಣುಮಗು ಆಯಿತು. ಈಗ ಆ ಹುಡುಗಿ ಶಾಲೆಗೆ ಸೇತುವೆಯ ಮೇಲೆ ಸೈಕಲ್ ಹೊಡೆಯುತ್ತ ಹೋಗುತ್ತಾಳೆ. ಸೇತುವೆ ಬಂದ ಮೇಲೆ ನಾವೆ ದಂಡೆಯಲ್ಲೇ ಕೆಲವು ವರ್ಷ ಇದ್ದು ಹಲಗೆ ಹಲಗೆಯಾಗಿ ಹೋಯಿತು. ಮಾವನವರೂ ಹೋದರು. ಮನೆಯವರು ಈಗ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ.

ಹರಿದ ಹಗ್ಗವನ್ನು ಎಲ್ಲರೂ ನೋಡಿದರು. ನನಗೆ ಯಾವಾಗ ಗೊತ್ತಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೊತ್ತಾದ ತಕ್ಷಣ ಓಡಿ ಬಂದಳು ಎಂದೇ ಊರು ಹೊಗಳಿತು. ರವಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನವರೆಗೆ ಅದೆಷ್ಟು ಸಲ ನಾವೆ ದಾಟಿತೋ, ಅದೆಷ್ಟು ಜನ ಆ ಹಗ್ಗದ ಕೆಳಗೆ ಕುಳಿತಿದ್ದರೋ. ಹದಿಮೂರು ವರ್ಷ, ಪ್ರತಿ ನವರಾತ್ರಿಗೂ ದೇವಿಯ ಮುಂದೆ ಅದಕ್ಕೇ ಕ್ಷಮೆ ಬೇಡುತ್ತ ಬಂದಿದ್ದೇನೆ.

ಮೊನ್ನೆ ಕಟ್ಟೆಯಿಂದ ಎದ್ದು ಒಳಗೆ ಹೋದವಳೇ, ಚಹಾ ಕುಡಿಯುತ್ತ ಕುಳಿತಿದ್ದ ಮನೆಯವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಬಟ್ಟಲು ಕೆಳಗಿಡದೆಯೇ ಕೇಳಿದರು. ಮುಗಿದ ಮೇಲೆ, "ಆ ಎರಡ ದಿವಸ ಗಾಳಿನ ಇರಲಿಲ್ಲಲ್ಲಾ," ಅಂದರು.

"ಏನಂದ್ರಿ?"

"ಗಾಳಿ ಸತ್ತಿತ್ತು. ಹಾಯಿ ಬಿಚ್ಚಿದ್ದಿಲ್ಲ ನಾವು. ಮಂಗಳವಾರ ಮುಂಜಾನಿನ ಮೊದಲ ಏರಸಾಕ ಹೋಗಿದ್ದು."

"ನನ್ನ ಸಮಾಧಾನಕ್ಕ ಏನರ ಹೇಳಬ್ಯಾಡ್ರಿ."

"ಹೋಗೂದೂ ಹುಟ್ಟ ಹಾಕಿ, ಬರೂದೂ ಹುಟ್ಟ ಹಾಕಿ. ರಟ್ಟಿ ಬಾತ ಕುಂತಿದ್ದುವು. ಸೋಮವಾರ ಸಂಜಿಕ ಕುಸುಬಿ ಎಣ್ಣಿ ಬಿಸಿ ಮಾಡಿ ತಿಕ್ಕಿದವರ ಯಾರು? ನೀನ ಅಲ್ಲೇನಲೇ?"

ಹೌದು. ನಾನೇ ತಿಕ್ಕಿದ್ದೆ. ಈಗ ಹೇಳಲೋ, ಮತ್ತೆ ಹೇಳಲೋ ಎಂದುಕೊಳ್ಳುತ್ತ ಆ ಎರಡು ರಟ್ಟೆಗಳನ್ನು ತಿಕ್ಕುತ್ತಲೇ ಇದ್ದೆ. ಗಾಳಿ ಇದ್ದಿದ್ದರೆ ಇವು ಹೀಗೇಕೆ ಬಾತುಕೊಳ್ಳುತ್ತಿದ್ದವು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಂದೇ ಬಾಯಿ ಬಿಟ್ಟಿದ್ದರೆ ಅವರು ಅಂದೇ ಹೇಳುತ್ತಿದ್ದರು.

ಅವರು ಬಟ್ಟಲಿಟ್ಟು, ಪಂಪ್ ರಿಪೇರಿಯ ಪಾನಾ ಹುಡುಕುತ್ತ ಹೊರಗೆ ಹೋದರು. ನಾನು ದೇವರ ಮುಂದೆ ಹೋಗಿ ನಿಂತೆ. ರೂಢಿಯಿಂದ ಕೈ ಜೋಡಿಸಿದೆ, ಕ್ಷಮೆಯ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೆನೋ ಅದು ನಡೆದೇ ಇರಲಿಲ್ಲ. ಬೀಸದೆ ಹೋದ ಆ ಎರಡು ದಿನದ ಗಾಳಿಗೆ ನಮಸ್ಕಾರ ಮಾಡಿ ಅಡುಗೆಮನೆಗೆ ಹೋದೆ.